ಮಬ್ಬು ಬೆಳಕಲ್ಲಿ ಜಿಂಕೆ ನೋಡೋಕೆ ಬೈನಾಕ್ಯುಲರ್ ಹೆಂಗೆ ಸೆಟ್ ಮಾಡ್ಕೋಬೇಕು

ಬೆಂಗಳೂರಿಂದ ಬಂಡೀಪುರಕ್ಕೋ ನಾಗರಹೊಳೆಗೋ ಸಫಾರಿಗೆ ಹೋಗೋರು ಎಷ್ಟೋ ಜನ 10×25 ಥರದ (ಅಂದ್ರೆ 10 ಪಟ್ಟು ಹತ್ತಿರ ತೋರಿಸೋ, ಮುಂದಿನ ಲೆನ್ಸ್ 25 ಮಿಲಿಮೀಟರ್ ಅಗಲ ಇರೋ) ಪುಟ್ಟ ಬೈನಾಕ್ಯುಲರ್ ತಗೊಂಡು ಹೋಗ್ತಾರೆ, ಬಿಸಿಲಲ್ಲಿ ಚೆನ್ನಾಗೇ ಕಾಣುತ್ತೆ, ಆದ್ರೆ ಜಿಂಕೆ ಕಡವೆ ಎಲ್ಲಾ ಬಯಲಿಗೆ ಬಂದು ಮೇಯೋದು ಜಾಸ್ತಿ ಬೆಳಗಿನ ಜಾವ ಇಲ್ಲಾ ಸಂಜೆ, ಆಗ ಅದ್ರಲ್ಲಿ ಎಲ್ಲಾ ಕಪ್ಪು ಕಪ್ಪು.

ಮಬ್ಬಲ್ಲಿ ಯಾವುದು ಚೆನ್ನಾಗಿ ಕಾಣುತ್ತೆ ಅನ್ನೋ ಲೆಕ್ಕ ಸುಲಭ, ಎರಡನೇ ನಂಬರನ್ನ ಮೊದಲನೇದ್ರಿಂದ ಭಾಗಿಸಿ. 10×25ರಲ್ಲಿ ಕಣ್ಣಿಗೆ ಬರೋ ಬೆಳಕಿನ ಅಗಲ ಬರೀ 2.5 ಮಿಲಿಮೀಟರ್, 8×42ರಲ್ಲಿ 5.25. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ವಯಸ್ಸಲ್ಲಿರೋರಿಗೆ 7 ಮಿಲಿಮೀಟರ್‌ವರೆಗೂ ಅರಳುತ್ತೆ, ವಯಸ್ಸಾದಂಗೆ ಕಮ್ಮಿ ಆಗುತ್ತೆ, ಹಂಗಾಗಿ ನನ್ನ ಪ್ರಕಾರ 8×42 ಎಲ್ರಿಗೂ ಸರಿ. ದೊಡ್ಡ ಝೂಮ್ ಆಸೆ ಬೇಡ, ಕೈ ನಡುಗಿದ್ದೂ ಅಷ್ಟೇ ದೊಡ್ಡದಾಗಿ ಕಾಣುತ್ತೆ.

ಫೋಕಸ್ ಬೆಳಕಿರುವಾಗ್ಲೇ ಸೆಟ್ ಮಾಡ್ಕೊಳ್ಳಿ. ಬಲಗಣ್ಣು ಮುಚ್ಚಿ ಮಧ್ಯದ ಚಕ್ರ ತಿರುಗಿಸಿ ಎಡಗಣ್ಣಿಗೆ ಕ್ಲಿಯರ್ ಮಾಡಿ, ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆ ಐಪೀಸಲ್ಲಿರೋ (ಕಣ್ಣಿಟ್ಟು ನೋಡೋ ಭಾಗದಲ್ಲಿರೋ) ರಿಂಗ್ ಮಾತ್ರ ತಿರುಗಿಸಿ ಬಲಗಣ್ಣಿಗೆ ಕ್ಲಿಯರ್ ಮಾಡಿ. ಕನ್ನಡಕ ಹಾಕೋರು ಐಕಪ್ (ಐಪೀಸ್ ಸುತ್ತ ಇರೋ ರಬ್ಬರ್ ಬಳೆ) ಒಳಗೆ ತಿರುಗಿಸಿಕೊಳ್ಳಿ.

ಜೀಪಲ್ಲಿ ಎಂಜಿನ್ ಆಫ್ ಆದ್ಮೇಲೆ ನೋಡಿ, ಮೊಣಕೈ ಕಂಬಿಗೆ ಊರಿ, ಮೊಬೈಲ್ ಸ್ಕ್ರೀನ್ ನೋಡ್ಬೇಡಿ ಯಾಕಂದ್ರೆ ಕಣ್ಣು ಮತ್ತೆ ಕತ್ತಲಿಗೆ ಹೊಂದ್ಕೊಳ್ಳೋಕೆ ತುಂಬಾ ಹೊತ್ತು ಬೇಕು. ಪೂರ್ತಿ ಜಿಂಕೆ ಹುಡುಕ್ಬೇಡಿ, ಪೊದೆ ಅಂಚಲ್ಲಿ ಕಿವಿ ಅಲ್ಲಾಡೋದು, ಬೆನ್ನಿನ ಅಡ್ಡಗೆರೆ ಹುಡುಕಿ. ಟಾರ್ಚ್ ಮಾತ್ರ ದಯವಿಟ್ಟು ಹಾಕ್ಬೇಡಿ, ಪಾಪ ಬೆದರಿ ಓಡ್ತವೆ.