ಮಕ್ಕಳೊಂದಿಗೆ ನೋಡಲು ರಂಗಪ್ರದರ್ಶನವನ್ನು ಆರಿಸುವುದು ಹೇಗೆ

ಮಕ್ಕಳನ್ನು ರಂಗಪ್ರದರ್ಶನಕ್ಕೆ ಕರೆದೊಯ್ಯಲು ಹೊರಟ ಹಿರಿಯರು ಸಾಮಾನ್ಯವಾಗಿ ಮೊದಲು ನೋಡುವುದು ಪ್ರದರ್ಶನದ ಹೆಸರನ್ನು, ಅದಕ್ಕಿರುವ ಖ್ಯಾತಿಯನ್ನು, ಭಿತ್ತಿಪತ್ರದ ಬಣ್ಣದ ಚಿತ್ರವನ್ನು. ಮೊದಮೊದಲು ನಾನೂ ಹಾಗೆಯೇ ಆರಿಸುತ್ತಿದ್ದೆ. ಮಗಳಿಗೆ ನಾಲ್ಕು ತುಂಬಿದ್ದಾಗ, ಬಹಳ ಹೆಸರು ಮಾಡಿದ್ದ ಒಂದು ದೊಡ್ಡ ಸಂಗೀತ ನಾಟಕಕ್ಕೆ ಅವಳನ್ನು ಕರೆದೊಯ್ದೆ. ನಮಗೆ ಸಿಕ್ಕಿದ್ದು ಬಾಲ್ಕನಿಯ ಕೊನೆಯ ಸಾಲು. ಅರ್ಧ ಗಂಟೆ ಕಣ್ಣು ಕಿರಿದು ಮಾಡಿಕೊಂಡು ನೋಡಿದ ಅವಳು ನನ್ನ ಕಿವಿಯ ಬಳಿ ಬಂದು, "ಅಪ್ಪ, ಅವರು ನಿಜವಾದ ಮನುಷ್ಯರಾ, ಟಿವಿಯಾ?" ಎಂದು ಕೇಳಿದಳು. ಆ ಪ್ರಶ್ನೆಯ ನಂತರ ನಾನು ಪ್ರದರ್ಶನಗಳನ್ನು ಆರಿಸುವ ರೀತಿ ಬದಲಾಯಿತು. ಈಗ ಯಾವ ಪ್ರದರ್ಶನದ ವಿಷಯ ಬಂದರೂ ನಾನು ಮೊದಲು ಯೋಚಿಸುವುದು ಒಂದೇ: ಇದು ಮಗುವಿಗಾಗಿ ಒಂದು ಕ್ಷಣ ಕಾಯಬಲ್ಲದೇ?

ಕಾಯುವುದು ಎಂದರೆ ಏನೆಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲೇ ಚಿತ್ರೀಕರಿಸಿದ ದೃಶ್ಯ ಯಾರು ನಕ್ಕರೂ ಅತ್ತರೂ ತನ್ನ ಪಾಡಿಗೆ ಸಾಗುತ್ತದೆ. ರಂಗದ ಮೇಲಿರುವ ನಟಿ ಹಾಗಲ್ಲ, ಮಕ್ಕಳ ನಗು ಇಳಿಯುವವರೆಗೆ ಅವಳು ಮುಂದಿನ ಮಾತನ್ನು ಹಿಡಿದಿಡುತ್ತಾಳೆ, ಮುಂದಿನ ಸಾಲಿನಲ್ಲಿ ಒಂದು ಮಗು ಬೆದರಿದರೆ ದನಿಯನ್ನು ಸ್ವಲ್ಪ ತಗ್ಗಿಸುತ್ತಾಳೆ, "ನರಿ ಹಿಂದೆ ಇದೆ!" ಎಂದು ಯಾರಾದರೂ ಕೂಗಿದರೆ ತಿರುಗಿ ನೋಡುತ್ತಾಳೆ. ತಾನು ಇಲ್ಲಿ ಕುಳಿತಿರುವುದರಿಂದಲೇ ಅಲ್ಲಿ ಏನೋ ಬದಲಾಯಿತು ಎಂಬ ಅರಿವು ಮಗುವಿಗೆ ದೊರೆಯುವುದು ಇಲ್ಲಿ ಮಾತ್ರ. ಆದ್ದರಿಂದ ಮೊದಲ ಕೆಲವು ಪ್ರದರ್ಶನಗಳಿಗಾದರೂ ಚಿಕ್ಕ ರಂಗಮಂದಿರವನ್ನು, ಕಡಿಮೆ ಪ್ರೇಕ್ಷಕರಿರುವ ಆಟವನ್ನು, ನಟರ ಮುಖ ಬರಿಗಣ್ಣಿಗೆ ಕಾಣುವಷ್ಟು ಹತ್ತಿರದ ಆಸನವನ್ನು ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದೇ ಕಾರಣಕ್ಕೆ, ಟಿವಿ ಕಾರ್ಯಕ್ರಮಗಳ ಜನಪ್ರಿಯ ಪಾತ್ರಗಳನ್ನು ವೇದಿಕೆಗೆ ತರುವ ಪ್ರದರ್ಶನಗಳಲ್ಲಿ ಮಾತು ಮತ್ತು ಹಾಡು ಅಲ್ಲಿಯೇ ಹುಟ್ಟುತ್ತವೆಯೇ, ಅಥವಾ ಮೊದಲೇ ಧ್ವನಿಮುದ್ರಿಸಿದ್ದಕ್ಕೆ ವೇಷಧಾರಿಗಳು ಕೈಕಾಲು ಆಡಿಸುತ್ತಾರೆಯೇ ಎಂಬುದನ್ನು ವಿಚಾರಿಸಿಕೊಳ್ಳಿ. ಮುದ್ರಿತ ಧ್ವನಿಗೆ ಕುಣಿಯುವ ವೇಷ, ಎಷ್ಟೇ ಮುದ್ದಾಗಿದ್ದರೂ, ಮಕ್ಕಳ ಕೂಗಿಗೆ ಉತ್ತರ ಕೊಡಲಾರದು. ಮಗುವಿಗೆ ಆ ಪಾತ್ರದ ಮೇಲೆ ಬಹಳ ಪ್ರೀತಿ ಇದ್ದರೆ ಖಂಡಿತ ಹೋಗಿ ಬನ್ನಿ. ಆದರೆ ವರ್ಷಕ್ಕೆ ಒಂದೋ ಎರಡೋ ಪ್ರದರ್ಶನ ನೋಡಲು ಮಾತ್ರ ಸಾಧ್ಯವಿರುವ ಮನೆಯವರು ಜೀವಂತ ದನಿಯಿರುವುದನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಇನ್ನು ಅವಧಿಯ ವಿಚಾರ. ಮಗು ಎಷ್ಟು ಹೊತ್ತು ಕೂರಬಲ್ಲದು ಎಂಬುದನ್ನು ಟಿವಿಯ ಮುಂದೆ ಕೂರುವ ಹೊತ್ತಿನಿಂದ ಅಳೆಯಬಾರದು. ಒಂದು ಸಂಜೆ ಚಿತ್ರಗಳಿಲ್ಲದೆ, ಬಾಯಿಮಾತಿನಲ್ಲಿಯೇ ಒಂದು ಕಥೆ ಹೇಳಿ ನೋಡಿ. ಮಗು ಯಾವಾಗ ಎದ್ದು ಹೋಗುತ್ತದೆ ಎಂಬುದನ್ನು ಗಮನಿಸಿ. ರಂಗದ ಮೇಲೆ ಕಣ್ಣಿಗೂ ಕೆಲಸವಿರುವುದರಿಂದ ಅಲ್ಲಿ ಅದರ ಎರಡರಷ್ಟು ಹೊತ್ತು ಕೂತೀತು. ನನ್ನ ಅನುಭವದಲ್ಲಿ ಮೂರು ವರ್ಷದೊಳಗಿನವರಿಗೆ ಅರ್ಧ ಗಂಟೆ, ನಾಲ್ಕರಿಂದ ಆರರವರಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಏಳೆಂಟು ವರ್ಷದವರಿಗೆ ವಿರಾಮ ಸೇರಿ ಒಂದೂವರೆ ಗಂಟೆ ಹಿತವಾಗಿರುತ್ತದೆ. ಹತ್ತು ದಾಟಿದವರು ಎರಡು ಗಂಟೆಯ ನಾಟಕವನ್ನು ಪೂರ್ತಿಯಾಗಿ ಅನುಭವಿಸಬಲ್ಲರು. ಟಿಕೆಟ್ ಕಾದಿರಿಸುವಾಗ ಒಟ್ಟು ಅವಧಿಯನ್ನಷ್ಟೇ ಕೇಳಬೇಡಿ, ವಿರಾಮ ಎಷ್ಟು ಹೊತ್ತಿನ ಮೇಲೆ ಬರುತ್ತದೆ ಎಂಬುದನ್ನೂ ಕೇಳಿ. ಮಗು ಮಧ್ಯಾಹ್ನ ಮಲಗುವ ಹೊತ್ತಿನ ಪ್ರದರ್ಶನವನ್ನು, ಅದು ಎಷ್ಟೇ ಚೆನ್ನಾಗಿದ್ದರೂ, ಬಿಟ್ಟುಬಿಡಿ.

ಭಿತ್ತಿಪತ್ರದಲ್ಲಿ "ಐದು ವರ್ಷ ಮೇಲ್ಪಟ್ಟವರಿಗೆ" ಎಂದು ಬರೆದಿದ್ದರೆ ಅದಕ್ಕೆ ಎರಡು ಅರ್ಥಗಳಿರಬಹುದು. ಕೆಲವು ಕಡೆ ಅದು ಪ್ರವೇಶದ ನಿಯಮ, ಕೆಲವು ಕಡೆ ಬರಿಯ ಸಲಹೆ. ಸಲಹೆಯಾಗಿದ್ದರೆ ಅದು ಅವಧಿಯನ್ನು ನೋಡಿ ಕೊಟ್ಟದ್ದೋ, ಕಥೆಯಲ್ಲಿರುವ ಸಾವು, ಅಗಲಿಕೆ, ಹೊಡೆದಾಟಗಳನ್ನು ನೋಡಿ ಕೊಟ್ಟದ್ದೋ ಎಂದು ಆಯೋಜಕರನ್ನು ನೇರವಾಗಿ ಕೇಳಬಹುದು. ಮಕ್ಕಳಿಗಾಗಿಯೇ ಶ್ರದ್ಧೆಯಿಂದ ಕೆಲಸ ಮಾಡುವ ತಂಡದವರು ಇಂಥ ಪ್ರಶ್ನೆಗೆ ಬೇಸರಪಡುವುದಿಲ್ಲ. ಯಾವ ದೃಶ್ಯದಲ್ಲಿ ಮಕ್ಕಳು ಅಳುತ್ತಾರೆ, ಯಾವಾಗ ಜೋರು ಸದ್ದು ಬರುತ್ತದೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. "ಎಲ್ಲ ವಯಸ್ಸಿನವರಿಗೂ ಆಗುತ್ತದೆ" ಎಂದಷ್ಟೇ ಹೇಳಿ ಮುಗಿಸುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಭಯದ ವಿಷಯವನ್ನು ಹಿರಿಯರು ಹಗುರವಾಗಿ ನೋಡುವುದುಂಟು. ಮನಶ್ಶಾಸ್ತ್ರಜ್ಞೆ ರೀಟಾ ಡಿವ್ರೀಸ್ 1969ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ಬಹಳ ಉಪಯುಕ್ತ. ಅವರು ಮೂರರಿಂದ ಆರು ವರ್ಷದ ಮಕ್ಕಳಿಗೆ ಒಂದು ಸಾಧು ಬೆಕ್ಕನ್ನು ತೋರಿಸಿ, ಅನಂತರ ಅದಕ್ಕೆ ನಾಯಿಯ ಮುಖವಾಡ ತೊಡಿಸಿದರು. ಬೆಕ್ಕಿನ ಹಿಂಭಾಗ ಮಕ್ಕಳ ಕಣ್ಣೆದುರೇ ಇದ್ದರೂ, ಮೂರು ವರ್ಷದ ಬಹುತೇಕ ಮಕ್ಕಳು ಅದು ಈಗ ನಾಯಿಯಾಗಿದೆ ಎಂದೇ ನಂಬಿದರು. ಆರು ವರ್ಷದ ಹೊತ್ತಿಗೆ ಮಕ್ಕಳಿಗೆ ವೇಷ ಬೇರೆ, ಪ್ರಾಣಿ ಬೇರೆ ಎಂಬುದು ಗಟ್ಟಿಯಾಗಿತ್ತು. ಎಂದರೆ, ರಾಕ್ಷಸನ ಮುಖವಾಡ ತೊಟ್ಟ ನಟ ಮೂರು ವರ್ಷದ ಮಗುವಿಗೆ ರಾಕ್ಷಸನೇ ಸರಿ, "ಅದು ಬರೀ ವೇಷ ಕಂದ" ಎಂಬ ನಮ್ಮ ಸಮಾಧಾನ ಆ ವಯಸ್ಸಿನಲ್ಲಿ ತಲುಪುವುದೇ ಇಲ್ಲ. ಹಾಗಾಗಿ ಐದರೊಳಗಿನ ಮಕ್ಕಳಿಗೆ, ನಟರು ಪ್ರೇಕ್ಷಕರ ಎದುರಿಗೇ ಮುಖವಾಡವನ್ನು ತೊಟ್ಟು ಎದುರಿಗೇ ತೆಗೆಯುವ ಪ್ರದರ್ಶನ ಒಳ್ಳೆಯದು. ವೇಷಧಾರಿಗಳು ಸಾಲುಗಳ ನಡುವೆ ಓಡಾಡುವರೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ರಂಗದ ಮೇಲಿದ್ದಾಗ ಇಷ್ಟವಾಗಿದ್ದ ಕರಡಿ ಪಕ್ಕಕ್ಕೇ ಬಂದು ನಿಂತರೆ ಮಗು ಬೆದರಿ ಮಡಿಲಲ್ಲಿ ಮುಖ ಹುದುಗಿಸಿಕೊಳ್ಳಬಹುದು.

ಗೊಂಬೆಯಾಟವನ್ನು ನಾನು ಪುಟ್ಟ ಮಕ್ಕಳಿಗೆ ಎಲ್ಲಕ್ಕಿಂತ ಮೊದಲು ಸೂಚಿಸುವುದು ಇದೇ ಕಾರಣಕ್ಕೆ. ಗೊಂಬೆ ಮಗುವಿಗಿಂತ ಚಿಕ್ಕದು. ಅದು ಎಷ್ಟೇ ಗರ್ಜಿಸಿದರೂ ಮಗುವಿನ ಧೈರ್ಯಕ್ಕೆ ದಕ್ಕುವ ಅಳತೆಯಲ್ಲಿರುತ್ತದೆ. ಆಡಿಸುವವರು ಕಣ್ಣಿಗೆ ಕಾಣುತ್ತಿದ್ದರೆ ಆಟದ ಸೊಗಸು ಕೆಡುತ್ತದೆ ಎಂದು ಹಿರಿಯರು ಭಾವಿಸುತ್ತಾರೆ, ಆದರೆ ಜಪಾನಿನ ಬುನ್ರಾಕು ಸಂಪ್ರದಾಯದಲ್ಲಿ ಒಂದು ಮುಖ್ಯ ಗೊಂಬೆಯನ್ನು ಮೂವರು ಕಲಾವಿದರು ಪ್ರೇಕ್ಷಕರ ಎದುರಿಗೇ ನಿಂತು ಆಡಿಸುತ್ತಾರೆ, ಆದರೂ ನೋಡುಗರ ಕಣ್ಣು ನೆಡುವುದು ಗೊಂಬೆಯ ಮೇಲೆಯೇ. ಮಕ್ಕಳೂ ಹಾಗೆಯೇ: ಮೊದಲ ಐದು ನಿಮಿಷ ಆಡಿಸುವವರ ಕೈಯನ್ನು ನೋಡುತ್ತಾರೆ, ಆಮೇಲೆ ಮರೆತುಬಿಡುತ್ತಾರೆ, ಭಯವಾದಾಗ ಮತ್ತೆ ಕೈಯತ್ತ ನೋಡಿ ಧೈರ್ಯ ತಂದುಕೊಳ್ಳುತ್ತಾರೆ. ನೆರಳಿನಾಟಕ್ಕೆ ಪೂರ್ತಿ ಕತ್ತಲೆ ಬೇಕಾಗುವುದರಿಂದ ಅದನ್ನು ಎರಡನೆಯ ಅಥವಾ ಮೂರನೆಯ ಭೇಟಿಗೆ ಇಟ್ಟುಕೊಳ್ಳಬಹುದು.

ಸಂಗೀತ ಕಛೇರಿಗೆ ಕರೆದೊಯ್ಯಬೇಕೆಂದಿದ್ದರೆ ವಾದ್ಯಗಳನ್ನು ತೋರಿಸಿ, ನುಡಿಸಿ, ಪರಿಚಯಿಸುವ ಕಾರ್ಯಕ್ರಮವನ್ನು ಹುಡುಕಿ. ರಷ್ಯಾದ ಸಂಗೀತ ರಚನಕಾರ ಸೆರ್ಗೆಯ್ ಪ್ರೊಕೊಫಿಯೆವ್ 1936ರಲ್ಲಿ, ಮಾಸ್ಕೋದ ಮಕ್ಕಳ ರಂಗಭೂಮಿಯನ್ನು ನಡೆಸುತ್ತಿದ್ದ ನಟಾಲಿಯಾ ಸಾಟ್ಸ್ ಅವರ ಕೋರಿಕೆಯ ಮೇರೆಗೆ ರಚಿಸಿದ "ಪೀಟರ್ ಮತ್ತು ತೋಳ" ಈ ಬಗೆಯದಕ್ಕೆ ಇಂದಿಗೂ ಉತ್ತಮ ಮಾದರಿ. ಅರ್ಧ ಗಂಟೆಯೊಳಗೆ ಮುಗಿಯುವ ಆ ಕೃತಿಯಲ್ಲಿ ನಿರೂಪಕರು ಕಥೆ ಹೇಳುತ್ತಿದ್ದಂತೆ ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ಅಜ್ಜನಿಗೆ ಬಸೂನ್, ತೋಳಕ್ಕೆ ಮೂರು ಫ್ರೆಂಚ್ ಹಾರ್ನ್‌ಗಳು ದನಿಯಾಗುತ್ತವೆ. ಕಥೆಯಲ್ಲಿ ತೋಳ ಬಾತುಕೋಳಿಯನ್ನು ನುಂಗುತ್ತದೆ, ಕೊನೆಗೆ ಅದರ ಹೊಟ್ಟೆಯೊಳಗಿಂದ ಬಾತಿನ ಸದ್ದು ಕೇಳಿಸುತ್ತದೆ. ನಿಮ್ಮ ಮಗು ಮನೆಗೆ ಬರುವ ದಾರಿಯುದ್ದಕ್ಕೂ ಆ ಬಾತಿನ ಬಗ್ಗೆಯೇ ಕೇಳಿದರೆ ಆಶ್ಚರ್ಯಪಡಬೇಡಿ, ಮತ್ತು ಉತ್ತರವನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಮಾತಿಲ್ಲದ ನೃತ್ಯ ರೂಪಕಗಳಿಗೆ ಹೋಗುವ ಮೊದಲು ಏಳು ವರ್ಷದೊಳಗಿನವರಿಗೆ ಕಥೆಯನ್ನು ಹೇಳಿ ಕರೆದೊಯ್ಯಿರಿ. ಕುತೂಹಲ ಹೋಗುತ್ತದೆಂಬ ಚಿಂತೆ ಬೇಡ, ಆ ವಯಸ್ಸಿನವರು ಗೊತ್ತಿರುವ ಕಥೆಯನ್ನೇ ನೂರು ಸಲ ಕೇಳುವವರು. ಜಾದೂ ಮತ್ತು ಸರ್ಕಸ್ ಆರು ವರ್ಷ ದಾಟಿದ ಮಕ್ಕಳಿಗೆ ಸಲೀಸಾಗಿ ಹಿಡಿಸುತ್ತವೆ. ಯಾವುದು ಅಸಾಧ್ಯ ಎಂದು ತಿಳಿಯದವರಿಗೆ ಜಾದೂ ಜಾದೂ ಎನಿಸುವುದಿಲ್ಲ.

ಸದ್ದು ಮತ್ತು ಬೆಳಕನ್ನು ಕುರಿತು ಸ್ಪಷ್ಟವಾಗಿ ವಿಚಾರಿಸಿ. ದಿನಕ್ಕೆ ಎಂಟು ಗಂಟೆ ಕೆಲಸ ಮಾಡುವ ವಯಸ್ಕರಿಗೆ 85 ಡೆಸಿಬಲ್ ಸದ್ದನ್ನು ಮಿತಿಯೆಂದು ಅನೇಕ ಕಡೆ ಪರಿಗಣಿಸುತ್ತಾರೆ. ಆ ಲೆಕ್ಕದಲ್ಲಿ ಪ್ರತಿ 3 ಡೆಸಿಬಲ್ ಏರಿದಾಗ ಸಹಿಸಬಹುದಾದ ಕಾಲ ಅರ್ಧವಾಗುತ್ತಾ ಹೋಗಿ, 100 ಡೆಸಿಬಲ್‌ಗೆ ಅದು ಕೇವಲ 15 ನಿಮಿಷಕ್ಕೆ ಇಳಿಯುತ್ತದೆ. ಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದೊಡ್ಡ ಧ್ವನಿವರ್ಧಕಗಳಿರುವ ಪ್ರದರ್ಶನವಾದರೆ ಅವುಗಳ ಪಕ್ಕದ ಆಸನವನ್ನು ಬಿಡಿ, ಕಿವಿಯನ್ನು ಪೂರ್ತಿ ಮುಚ್ಚುವ ಬಟ್ಟಲಿನಂಥ ಕಿವಿರಕ್ಷಕವನ್ನು ಜೊತೆಗಿಟ್ಟುಕೊಳ್ಳಿ. ಪಟಪಟನೆ ಮಿನುಗುವ ಸ್ಟ್ರೋಬ್ ಬೆಳಕು ಇದೆಯೇ ಎಂದೂ ಕೇಳಿ. ಸೆಕೆಂಡಿಗೆ 3ರಿಂದ 30 ಬಾರಿ ಮಿನುಗುವ ಬೆಳಕು ಬೆಳಕಿಗೆ ಸೂಕ್ಷ್ಮವಾಗಿರುವ ಮೂರ್ಛೆರೋಗದವರಲ್ಲಿ ಮೂರ್ಛೆಯನ್ನು ತರಬಲ್ಲದು, ಮತ್ತು ಈ ಸೂಕ್ಷ್ಮತೆ ಮಕ್ಕಳಲ್ಲಿಯೂ ಹದಿಹರೆಯದವರಲ್ಲಿಯೂ ಹೆಚ್ಚು. ಅಂಥ ಮಗುವಿದ್ದರೆ ಆ ಪ್ರದರ್ಶನವನ್ನು ಬಿಡುವುದೇ ಸರಿ. ಅನಿರೀಕ್ಷಿತವಾಗಿ ಬೆಳಕು ಮಿನುಗಿದರೆ ಕಣ್ಣು ಮುಚ್ಚುವುದರಿಂದ ಪ್ರಯೋಜನವಿಲ್ಲ, ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿಯಾಗಿ ಮುಚ್ಚಿಸಿ ಮುಖವನ್ನು ಬೆಳಕಿನಿಂದ ತಿರುಗಿಸಬೇಕು.

ಕತ್ತಲೆಯನ್ನು, ಸದ್ದನ್ನು ತಾಳಲಾರದ ಮಕ್ಕಳಿಗೆ, ವಿಶೇಷವಾಗಿ ಆಟಿಸಂ ಇರುವ ಮಕ್ಕಳಿಗೆಂದು, ಅನೇಕ ರಂಗಮಂದಿರಗಳು ಈಗ ಸಡಿಲ ನಿಯಮಗಳ ವಿಶೇಷ ಪ್ರದರ್ಶನಗಳನ್ನು ಏರ್ಪಡಿಸುತ್ತವೆ. ಅಲ್ಲಿ ಪ್ರೇಕ್ಷಕರ ಕಡೆಯ ದೀಪಗಳನ್ನು ಪೂರ್ತಿ ಆರಿಸುವುದಿಲ್ಲ, ಸದ್ದನ್ನು ತಗ್ಗಿಸುತ್ತಾರೆ, ನಡುವೆ ಎದ್ದು ಹೋಗಿ ಬರಬಹುದು, ಮಾತಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಯಾವ ತೊಂದರೆಯೂ ಇಲ್ಲದ ಚಂಚಲ ಮಗುವಿಗೂ ಮೊದಲ ಪ್ರದರ್ಶನವಾಗಿ ಇದು ಬಹಳ ಒಳ್ಳೆಯ ಆಯ್ಕೆ. ಸನ್ನೆ ಭಾಷೆಯ ಅನುವಾದವಿರುವ ಆಟಗಳಿಗೆ ಕಿವಿ ಕೇಳದ ಮಗುವನ್ನು ಕರೆದೊಯ್ಯುವುದಾದರೆ, ಅನುವಾದಕರು ವೇದಿಕೆಯ ಯಾವ ಬದಿಯಲ್ಲಿ ನಿಲ್ಲುತ್ತಾರೆಂದು ಕೇಳಿಕೊಂಡು ಆ ಬದಿಯ ಆಸನವನ್ನೇ ಕಾದಿರಿಸಿ.

ಆಸನದ ಬಗ್ಗೆ ಒಂದು ಮಾತು. ಎತ್ತರದ ವೇದಿಕೆಯಿರುವಲ್ಲಿ ಮೊದಲ ಸಾಲಿನ ಪುಟ್ಟ ಮಗುವಿಗೆ ನಟರ ಪಾದಗಳಷ್ಟೇ ಕಾಣುತ್ತವೆ. ಮೂರನೆಯ ಸಾಲಿನಿಂದ ಎಂಟನೆಯ ಸಾಲಿನೊಳಗೆ, ನಡುದಾರಿಗೆ ಅಂಟಿದ ಆಸನ ದೊರೆತರೆ ಮುಂದಿನವರ ತಲೆ ಅಡ್ಡ ಬರುವುದಿಲ್ಲ, ಹೊರಗೆ ಹೋಗಬೇಕಾದಾಗ ಯಾರ ಮೊಣಕಾಲನ್ನೂ ದಾಟಬೇಕಿಲ್ಲ.

ಬೇರೆ ಬೇರೆ ವಯಸ್ಸಿನ ಇಬ್ಬರು ಮಕ್ಕಳಿದ್ದರೆ ಕಷ್ಟವಾಗುತ್ತದೆ. ದೊಡ್ಡವನಿಗೆ ಹಿಡಿಸುವುದನ್ನು ಆರಿಸಿದರೆ ಚಿಕ್ಕವಳು ಹೆದರಿ ಅಳುತ್ತಾಳೆ, ಅವಳೊಂದಿಗೆ ಎಲ್ಲರೂ ಹೊರಗೆ ಬರಬೇಕಾಗುತ್ತದೆ. ಚಿಕ್ಕವರ ಅಳತೆಗೆ ಆರಿಸಿ. ದೊಡ್ಡವನಿಗೆ ದೀಪಗಳು ಎಲ್ಲೆಲ್ಲಿವೆ, ಒಬ್ಬ ನಟ ಎಷ್ಟು ಪಾತ್ರ ಮಾಡಿದ, ದೃಶ್ಯ ಹೇಗೆ ಬದಲಾಯಿತು ಎಂಬುದನ್ನು ಪತ್ತೆ ಹಚ್ಚುವ ಕೆಲಸ ಕೊಡಿ. ಹತ್ತು ವರ್ಷದವರಿಗೆ ನೇಪಥ್ಯದ ಗುಟ್ಟು ಕಥೆಯಷ್ಟೇ ರುಚಿಸುತ್ತದೆ. ಮಕ್ಕಳನ್ನು ವೇದಿಕೆಗೆ ಕರೆಯುವ ಪ್ರದರ್ಶನವಾದರೆ, ಒಲ್ಲೆ ಎಂದ ಮಗುವನ್ನು ಬಿಟ್ಟುಬಿಡುತ್ತಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ.

ಎಲ್ಲಿ ಹುಡುಕಬೇಕೆಂದು ಕೇಳುವವರಿಗೆ ಒಂದು ದಾರಿಯಿದೆ. ಮಕ್ಕಳ ರಂಗಭೂಮಿಗಾಗಿಯೇ 1965ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಅಸಿಟೆಜ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಅನೇಕ ದೇಶಗಳಲ್ಲಿ ಶಾಖೆಗಳನ್ನು ಹೊಂದಿದೆ, ಮತ್ತು ಮಾರ್ಚ್ 20ನ್ನು 2001ರಿಂದ ವಿಶ್ವ ಮಕ್ಕಳ ರಂಗಭೂಮಿ ದಿನವಾಗಿ ಆಚರಿಸುತ್ತಿದೆ. ಆ ದಿನದ ಆಸುಪಾಸಿನಲ್ಲಿ ಮಕ್ಕಳಿಗಾಗಿ ಕೆಲಸ ಮಾಡುವ ತಂಡಗಳ ಹೆಸರುಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆ.

ಪ್ರದರ್ಶನ ಮುಗಿದ ಮೇಲೂ ಆಯ್ಕೆಯ ಕೆಲಸ ಮುಗಿಯುವುದಿಲ್ಲ. ಹಾರುವ ಹುಡುಗನ ಕಥೆಯಾದ "ಪೀಟರ್ ಪ್ಯಾನ್" 1904ರ ಡಿಸೆಂಬರ್ 27ರಂದು ಲಂಡನ್ನಿನಲ್ಲಿ ಮೊದಲು ಆಡಲ್ಪಟ್ಟಾಗ, ಅದನ್ನು ನೋಡಿ ಬಂದ ಮಕ್ಕಳು ಮಂಚದ ಮೇಲಿಂದ ಹಾರಲು ಹೋಗಿ ಗಾಯಗೊಂಡರೆಂದೂ, ಹೆತ್ತವರ ಕೋರಿಕೆಯಂತೆ ಮಾಯದ ಪುಡಿ ಮೈಮೇಲೆ ಬೀಳದೆ ಯಾರೂ ಹಾರಲಾರರು ಎಂಬ ಮಾತನ್ನು ನಾಟಕಕ್ಕೆ ಸೇರಿಸಬೇಕಾಯಿತೆಂದೂ ನಾಟಕಕಾರ ಜೆ. ಎಂ. ಬ್ಯಾರಿ ಮುಂದೆ ಬರೆದುಕೊಂಡರು. ಆದ್ದರಿಂದ ಹಾರುವ, ಜಿಗಿಯುವ, ಕತ್ತಿ ಬೀಸುವ ಪ್ರದರ್ಶನ ನೋಡಿ ಬಂದ ವಾರ ಮನೆಯಲ್ಲಿ ಸ್ವಲ್ಪ ಕಣ್ಣಿಟ್ಟಿರಬೇಕು. "ಹೇಗಿತ್ತು?" ಎಂದು ಕೇಳಿದರೆ ಮಕ್ಕಳು "ಚೆನ್ನಾಗಿತ್ತು" ಎಂದು ಓಡಿಹೋಗುತ್ತಾರೆ, ಅವರು ಏನನ್ನು ಆಡುತ್ತಾರೆ ಎಂಬುದನ್ನು ನೋಡಿ. ಬಾಲ್ಕನಿಯ ಆ ಸಂಗೀತ ನಾಟಕದಿಂದ ನನ್ನ ಮಗಳು ಒಂದು ದೃಶ್ಯವನ್ನೂ ಆಡಲಿಲ್ಲ. ಅದಾದ ಆರು ತಿಂಗಳಿಗೆ, ಮೂವತ್ತು ಜನ ಹಿಡಿಯುವ ಕೋಣೆಯೊಂದರಲ್ಲಿ ನಲವತ್ತು ನಿಮಿಷದ ಗೊಂಬೆಯಾಟ ನೋಡಿದಳು. ಅದರಲ್ಲಿ ಬರುತ್ತಿದ್ದದ್ದು ಕಾಲುಚೀಲದಿಂದ ಮಾಡಿದ ಒಂದು ಆಮೆ. ಮರುದಿನ ಬೆಳಿಗ್ಗೆ ನನ್ನ ಎಡಗಾಲಿನ ಚೀಲ ಕಾಣೆಯಾಗಿತ್ತು. ಬಾಗಿಲ ಹಿಂದೆ ಅವಳು ಅದಕ್ಕೆ ಕೈ ತೂರಿಸಿ, ಆಮೆ ತಲೆ ಎತ್ತುವ ಮುನ್ನ ನಿಲ್ಲುತ್ತಿದ್ದಷ್ಟೇ ಹೊತ್ತು ನಿಂತು, ಮೆಲ್ಲಗೆ ತಲೆ ಎತ್ತಿಸುತ್ತಿದ್ದಳು. ಆ ವಾರವೇ ಅದೇ ತಂಡದ ಮುಂದಿನ ಆಟಕ್ಕೆ ಮೂರನೆಯ ಸಾಲಿನಲ್ಲಿ ಎರಡು ಟಿಕೆಟ್ ಕಾದಿರಿಸಿದೆ.