ಸಕ್ಕರೆ ಕಾಯಿಲೆ ಮತ್ತು ಪಾದದ ನರಗಳು: ಉರಿಯನ್ನು ತಗ್ಗಿಸುವ, ಮರಗಟ್ಟಿದ ಕಾಲನ್ನು ಕಾಪಾಡುವ ಬಗೆ

ಅಂಗಾಲಿನಲ್ಲಿ ಇರುವೆ ಹರಿದಂತಾಗುವುದು, ಹಿಡಿದ ಜೋಮು ಬಿಡದಿರುವುದು, ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗದಷ್ಟು ಉರಿಯುವುದು, ಹತ್ತಿಯ ಮೇಲೆ ನಡೆದಂತೆ ಅನ್ನಿಸುವುದು, ನಡೆಯುವಾಗ ಚಪ್ಪಲಿ ಕಳಚಿ ಹಿಂದೆ ಉಳಿದರೂ ನಾಲ್ಕು ಹೆಜ್ಜೆಯವರೆಗೆ ತಿಳಿಯದಿರುವುದು: ಸಕ್ಕರೆ ಕಾಯಿಲೆ ಇರುವವರು ಇವುಗಳಲ್ಲಿ ಯಾವುದನ್ನು ಹೇಳಿದರೂ ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬಾರದು. ವೈದ್ಯರು ಡಯಾಬಿಟಿಕ್ ನ್ಯೂರೋಪತಿ ಎಂದು ಕರೆಯುವ ನರಹಾನಿ ಬಹುಮಟ್ಟಿಗೆ ಹೀಗೆಯೇ ಆರಂಭವಾಗುತ್ತದೆ.

ಬೆನ್ನುಹುರಿಯಿಂದ ಹೊರಟು ಕೈಕಾಲುಗಳಿಗೆ ಹೋಗುವ ನರಗಳಲ್ಲಿ ಕಾಲ್ಬೆರಳಿನವರೆಗೆ ಹೋಗುವವು ಅತಿ ಉದ್ದವಾದವು. ವರ್ಷಗಟ್ಟಲೆ ಏರಿದ ಸಕ್ಕರೆಯು ನರವನ್ನೂ ಅದಕ್ಕೆ ರಕ್ತ ಒದಗಿಸುವ ಸಣ್ಣ ನಾಳಗಳನ್ನೂ ಕೆಡಿಸುವಾಗ ಈ ಉದ್ದದ ನರಗಳ ತುದಿಗಳೇ ಮೊದಲು ಸೋಲುತ್ತವೆ. ಆದ್ದರಿಂದಲೇ ತೊಂದರೆ ಎರಡೂ ಪಾದಗಳಲ್ಲಿ ಹೆಚ್ಚು ಕಡಿಮೆ ಸಮನಾಗಿ ಕಾಣಿಸಿಕೊಂಡು, ಕಾಲುಚೀಲ ತೊಟ್ಟ ಹಾಗೆ ಮೇಲಕ್ಕೇರುತ್ತದೆ. ಮೊಣಕಾಲಿನ ಸಮೀಪ ಬರುವ ಹೊತ್ತಿಗೆ ಕೈಬೆರಳುಗಳಲ್ಲೂ ಜೋಮು ಶುರುವಾಗುತ್ತದೆ. ಕೆರಳಿದ ನರ ಉರಿಯನ್ನು ಹುಟ್ಟಿಸುತ್ತದೆ, ಸತ್ತ ನರ ಸುಮ್ಮನಾಗುತ್ತದೆ. ಹಾಗಾಗಿ ಉರಿ ತಾನಾಗಿಯೇ ಇಳಿದು, ಜೊತೆಗೆ ಸ್ಪರ್ಶವೂ ತಿಳಿಯದಂತಾಗಿದ್ದರೆ ಕಾಯಿಲೆ ವಾಸಿಯಾಯಿತೆಂದು ತಿಳಿಯಬಾರದು, ಅದು ಮುಂದುವರಿದಿದೆ. ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ನೀಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಅವರು, ರೋಗಿಗಳ ಬೆರಳು ಸವೆಯಲು ಮುಖ್ಯ ಕಾರಣ ನೋವೇ ತಿಳಿಯದ ಸುಟ್ಟಗಾಯ, ತರಚುಗಾಯಗಳೆಂದು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯವರ ಪಾದಕ್ಕೂ ಅದೇ ಮಾತು ಹೊಂದುತ್ತದೆ. ಜನರು ಉರಿಗೆ ಹೆದರುತ್ತಾರೆ. ನನ್ನ ದೃಷ್ಟಿಯಲ್ಲಿ ಹೆದರಬೇಕಾದದ್ದು ಮರಗಟ್ಟಿದ ಕಾಲಿಗೆ.

ಪರೀಕ್ಷೆ ಸರಳವಾದದ್ದು. ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ, 128 ಹರ್ಟ್ಜ್‌ನ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮಿಡಿದು ಹೆಬ್ಬೆರಳ ಮೂಳೆಯ ಮೇಲಿಟ್ಟು, ನಿಮಗೆ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಟೈಪ್ 2 (ಹೆಚ್ಚಾಗಿ ದೊಡ್ಡವರಲ್ಲಿ ಕಾಣುವ ಸಾಮಾನ್ಯ ಬಗೆ) ಇರುವವರಿಗೆ ಕಾಯಿಲೆ ಪತ್ತೆಯಾದಾಗಲೇ, ಟೈಪ್ 1 (ದೇಹದಲ್ಲಿ ಇನ್ಸುಲಿನ್ ತಯಾರಿಯೇ ನಿಲ್ಲುವ ಬಗೆ) ಇರುವವರಿಗೆ ಪತ್ತೆಯಾದ 5 ವರ್ಷಗಳ ನಂತರ, ಆಮೇಲೆ ಇಬ್ಬರಿಗೂ ವರ್ಷಕ್ಕೊಮ್ಮೆ ಇದನ್ನು ಮಾಡಬೇಕು. ವೈದ್ಯರು ತಾವಾಗಿ ಮಾಡದಿದ್ದರೆ ಚಪ್ಪಲಿ ಕಳಚಿ ಕುಳಿತು ಕೇಳಿ ಮಾಡಿಸಿಕೊಳ್ಳಿ.

ಸಕ್ಕರೆ ಕಾಯಿಲೆ ಇದೆಯೆಂದ ಮಾತ್ರಕ್ಕೆ ನರದ ತೊಂದರೆಗೆ ಅದೇ ಕಾರಣವೆಂದು ತೀರ್ಮಾನಿಸಬಾರದು. ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಮಾತ್ರೆಯನ್ನು ಬಹಳ ವರ್ಷ ನುಂಗಿದವರಲ್ಲಿ, ಸಸ್ಯಾಹಾರಿಗಳಲ್ಲಿ ವಿಟಮಿನ್ ಬಿ12 ಕೊರತೆ ಕಾಣಬಹುದು. ಅದನ್ನು ಬೇಗ ಗುರುತಿಸಿದರೆ ಚೇತರಿಕೆ ಸಾಧ್ಯ. ಮದ್ಯಪಾನ, ಥೈರಾಯ್ಡ್ ಕೊರತೆ, ಮೂತ್ರಪಿಂಡದ ರೋಗ, ಕ್ಷಯಕ್ಕೆ ಕೊಡುವ ಐಸೋನಿಯಜಿಡ್, ಕೆಲವು ಕ್ಯಾನ್ಸರ್ ಔಷಧಿಗಳು ಸಹ ಕಾರಣವಾಗಬಲ್ಲವು. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆಯಿದ್ದರೆ ಕುಷ್ಠದ ತಪಾಸಣೆಯಾಗಬೇಕು. ಅದಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ. ಇಷ್ಟೆಲ್ಲ ಸಾಧ್ಯತೆಗಳಿರುವಾಗ ಅಂಗಡಿಯಲ್ಲಿ 'ನರದ ಮಾತ್ರೆ' ಕೇಳಿ ತಿಂಗಳುಗಟ್ಟಲೆ ನುಂಗುವುದು ಸರಿಯಲ್ಲ. ಅವುಗಳಲ್ಲಿರುವ ಬಿ6 ಪ್ರಮಾಣ ಮೀರಿ ಬಹಳ ಕಾಲ ದೇಹ ಸೇರಿದರೆ ಅದೇ ನರವನ್ನು ಕೆಡಿಸುತ್ತದೆ.

ಸಕ್ಕರೆಯ ಹತೋಟಿಯೇ ಮೂಲ ಚಿಕಿತ್ಸೆ. ಟೈಪ್ 1 ರೋಗಿಗಳ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಬಿಗಿಯಾದ ಹತೋಟಿಯು ನರಹಾನಿಯನ್ನು ಸುಮಾರು ಶೇ. 60ರಷ್ಟು ತಗ್ಗಿಸಿತು. ಟೈಪ್ 2ರಲ್ಲಿ ಲಾಭ ಇಷ್ಟು ದೊಡ್ಡದಲ್ಲ, ಆದರೂ ಇದೆ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ರಕ್ತಪರೀಕ್ಷೆ) ಸಾಮಾನ್ಯವಾಗಿ ಶೇ. 7ರ ಆಸುಪಾಸಿನಲ್ಲಿರಲಿ ಎನ್ನುತ್ತಾರೆ. ವಯಸ್ಸಾದವರಿಗೆ, ಸಕ್ಕರೆ ಥಟ್ಟನೆ ಇಳಿಯುವವರಿಗೆ ವೈದ್ಯರು ಗುರಿಯನ್ನು ಸಡಿಲಿಸಬಹುದು. ಬಹಳ ಏರಿದ್ದ ಸಕ್ಕರೆಯನ್ನು ಕೆಲವೇ ವಾರಗಳಲ್ಲಿ ಕೆಳಗಿಳಿಸಿದಾಗ ಕೆಲವರಿಗೆ ಉರಿ ಒಮ್ಮೆಲೇ ಹೆಚ್ಚುವುದುಂಟು. ಆಗ ಇನ್ಸುಲಿನ್ನೇ ಕಾಲು ಕೆಡಿಸಿತೆಂದು ಬಿಟ್ಟುಬಿಡದೆ ವೈದ್ಯರಿಗೆ ತಿಳಿಸಬೇಕು. ಬೀಡಿ, ಸಿಗರೇಟು, ಹೊಗೆಸೊಪ್ಪನ್ನಂತೂ ಬಿಡಲೇಬೇಕು.

ಇನ್ನು ಪಾದದ ಆರೈಕೆ. ದಿನವೂ ಮಲಗುವ ಮುನ್ನ ಕಾಲು ತೊಳೆದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ, ಒಳ್ಳೆಯ ಬೆಳಕಿನಲ್ಲಿ ಅಂಗಾಲು, ಹಿಮ್ಮಡಿ, ಬೆರಳ ಸಂದುಗಳನ್ನು ನೋಡಿಕೊಳ್ಳಬೇಕು. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟುಕೊಳ್ಳಬಹುದು. ಕಣ್ಣು ಮಂಜಾದವರ ಪಾದವನ್ನು ಮನೆಯವರೇ ನೋಡಬೇಕು. ಬಿರುಕಿಗೆ ಕೊಬ್ಬರಿ ಎಣ್ಣೆ ಸಾಕು, ಬೆರಳ ಸಂದಿಗೆ ಮಾತ್ರ ಹಚ್ಚಬಾರದು. ಹಂಡೆಯ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿದ ಮೇಲೆಯೇ ಕಾಲಿಗೆ ಸುರಿದುಕೊಳ್ಳಬೇಕು. ಉರಿಗೆ ಹಿತವೆಂದು ಬಿಸಿನೀರಿನ ಚೀಲವನ್ನೋ ಹುರಿದ ಉಪ್ಪಿನ ಗಂಟನ್ನೋ ಇಟ್ಟು ಕಾವು ಕೊಟ್ಟರೆ, ಚರ್ಮ ಬೆಂದು ಬೊಬ್ಬೆ ಎದ್ದರೂ ತಿಳಿಯುವುದಿಲ್ಲ. ಆಣಿಯನ್ನು ಬ್ಲೇಡಿನಿಂದ ಕೊಯ್ಯಬಾರದು, ಆಮ್ಲವಿರುವ ಆಣಿ ಪಟ್ಟಿಯನ್ನೂ ಅಂಟಿಸಬಾರದು. ಉಗುರನ್ನು ನೇರವಾಗಿ ಕತ್ತರಿಸಬೇಕು.

ಮನೆಯೊಳಗೂ ಬರಿಗಾಲು ಬೇಡ. ಶ್ರವಣಬೆಳಗೊಳದ ಬೆಟ್ಟದಂತೆ ಬರಿಗಾಲಲ್ಲೇ ಕಲ್ಲಿನ ಮೆಟ್ಟಿಲು ಹತ್ತಬೇಕಾದ ಕಡೆ, ಬಂಡೆ ಕಾಯುವ ಮೊದಲೇ ಬೆಳಿಗ್ಗೆ ದಪ್ಪ ಕಾಲುಚೀಲ ತೊಟ್ಟು ಹೋಗಿ ಬರುವುದು ಲೇಸು. ಬೆರಳ ನಡುವೆ ಪಟ್ಟಿ ಸಿಕ್ಕಿಸುವ ಹವಾಯಿ ಚಪ್ಪಲಿಗಿಂತ, ಮೆತ್ತನೆಯ ಎಂಸಿಆರ್ (ಮೈಕ್ರೋ ಸೆಲ್ಯುಲರ್) ರಬ್ಬರಿನ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ಒಳ್ಳೆಯದು. ಪಾದ ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ ಕೊಂಡು, ಮೊದಮೊದಲು ಒಂದೆರಡು ಗಂಟೆ ಮಾತ್ರ ಮೆಟ್ಟಿ ನೋಡಿ. ತೊಡುವ ಮುನ್ನ ಪ್ರತಿಸಲವೂ ಕೊಡವಿ, ಒಳಗೆ ಕೈಯಾಡಿಸಿ: ಕಲ್ಲೋ ಅಟ್ಟೆ ತೂರಿಬಂದ ಮೊಳೆಯೋ ಇದ್ದರೆ ಕಾಲಿಗೆ ತಿಳಿಯದಿದ್ದರೂ ಕೈಗೆ ತಿಳಿಯುತ್ತದೆ. ಗಾಯವಾದರೆ ಶುದ್ಧ ನೀರಿನಿಂದ ತೊಳೆದು, ಅರಿಸಿನ, ಸುಣ್ಣ, ಕಾಫಿಪುಡಿ ಏನನ್ನೂ ಮೆತ್ತದೆ, ಸ್ವಚ್ಛ ಗಾಜ್ ಬಟ್ಟೆ ಮುಚ್ಚಿ ಆದಷ್ಟು ಬೇಗ ತೋರಿಸಿ. ಅಲ್ಲಿಯವರೆಗೆ ಆ ಕಾಲಿನ ಮೇಲೆ ಭಾರ ಹಾಕಬೇಡಿ. ನೋವಿಲ್ಲವೆಂದು ಅದೇ ಕಾಲಿನಲ್ಲಿ ಓಡಾಡುವುದರಿಂದಲೇ ಸಣ್ಣ ಗಾಯ ಮೂಳೆಯವರೆಗೆ ಇಳಿಯುತ್ತದೆ.

ಉರಿಗೆ ಪ್ರೆಗಾಬಾಲಿನ್, ಗಾಬಾಪೆಂಟಿನ್, ಡುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ಮಾತ್ರೆಗಳಲ್ಲಿ ಒಂದನ್ನು ವೈದ್ಯರು ಸಣ್ಣ ಪ್ರಮಾಣದಿಂದ ಆರಂಭಿಸುತ್ತಾರೆ. ಇವು ನರವನ್ನು ಮತ್ತೆ ಬೆಳೆಸುವುದಿಲ್ಲ, ನೋವನ್ನು ತಗ್ಗಿಸಿ ನಿದ್ದೆ ಕೊಡುತ್ತವೆ. ಪರಿಣಾಮ ತಿಳಿಯಲು ಕೆಲವು ವಾರ ಬೇಕು. ಮಂಪರು, ತಲೆ ತಿರುಗುವಿಕೆ ಬರಬಹುದಾದ್ದರಿಂದ ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ದೀಪ ಉರಿಯುತ್ತಿರಲಿ. ಹೃದ್ರೋಗ, ಗ್ಲಾಕೋಮಾ, ಪ್ರಾಸ್ಟೇಟ್ ತೊಂದರೆ ಇರುವವರು ಮೊದಲೇ ಹೇಳಬೇಕು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು. ಡೈಕ್ಲೋಫೆನಾಕ್‌ನಂಥ ಸಾಮಾನ್ಯ ನೋವಿನ ಮಾತ್ರೆ ಈ ಉರಿಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ, ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ.

ಗಾಯದಲ್ಲಿ ಕೀವು, ದುರ್ವಾಸನೆ, ಕಪ್ಪು ಬಣ್ಣ, ಇಲ್ಲವೇ ಮೈಯಲ್ಲಿ ಜ್ವರ, ಇವುಗಳಲ್ಲಿ ಯಾವುದು ಕಂಡರೂ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಗಾಯವೇ ಇಲ್ಲದೆ ಒಂದು ಪಾದ ಮಾತ್ರ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ, ನೋವು ಕಡಿಮೆಯಿದ್ದರೂ, ಒಳಗೆ ಮೂಳೆಗಳು ಕುಸಿಯುತ್ತಿರಬಹುದು; ಆ ಕಾಲನ್ನು ಊರದೆ ಹೋಗಬೇಕು. ಕೆಲವೇ ದಿನಗಳಲ್ಲಿ ಎರಡೂ ಕಾಲುಗಳ ಬಲ ಕುಂದಿ, ದೌರ್ಬಲ್ಯ ಮೇಲಕ್ಕೇರುತ್ತ, ಉಸಿರಾಟ ಕಷ್ಟವಾದರೆ ಅದು ಸಕ್ಕರೆಯ ನರಹಾನಿಯ ರೀತಿಯಲ್ಲ; ಗಿಲಾನ್ ಬಾರೆ ಎಂಬ ಬೇರೆ ಕಾಯಿಲೆ ಇರಬಹುದು. ಅಂಥವರನ್ನು ತಡಮಾಡದೆ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೇ ಕರೆದೊಯ್ಯಿರಿ.