ಒಲಿಂಪಿಯಾ: ಮೊದಲು ಓಟ, ಆಮೇಲೆ ದೇವಸ್ಥಾನ

ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಗ್ರೀಸಿನ ಒಲಿಂಪಿಯಾಕ್ಕೆ, ಪುರಾತನ ಒಲಿಂಪಿಕ್ ಆಟ ನಡೆಯುತ್ತಿದ್ದ ಜಾಗಕ್ಕೆ, ಹೋಗಬೇಡಿ, ಬಿದ್ದ ಕಲ್ಲು ಬಿಟ್ಟರೆ ಅಲ್ಲೇನಿದೆ ಅಂದವರೇ ಜಾಸ್ತಿ. ಮೊದಲೆರಡು ಸಲ ಅವರ ಮಾತೇ ಗೆದ್ದಿತು. ಮೂರನೇ ಸಲ, ಏಳು ಮತ್ತು ಹತ್ತು ವರ್ಷದ ಇಬ್ಬರು ಮೂರು ತಾಸು ರಗಳೆ ಇಲ್ಲದೆ ಕಳೆದರು. ಬದಲಾಯಿಸಿದ್ದು ನೋಡುವ ಕ್ರಮವನ್ನಷ್ಟೇ.

ಮೊದಲ ತಪ್ಪು ಮ್ಯೂಸಿಯಂನಿಂದ ಶುರು ಮಾಡಿದ್ದು. ಗಾಜಿನ ಪೆಟ್ಟಿಗೆಗಳ ಮುಂದೆ ಮುಕ್ಕಾಲು ಗಂಟೆಗೇ ತಾಳ್ಮೆ ಖಾಲಿ. ಹೊರಗೆ ಬಂದರೆ ಹನ್ನೊಂದರ ಬಿಸಿಲು, ಜತೆಗೆ ಕಟಾಕೊಲೊ ಬಂದರಿನ ಹಡಗುಗಳಿಂದ ಬಸ್ಸುಗಟ್ಟಲೆ ಜನ. ಎರಡನೇ ತಪ್ಪು ಗೈಡ್. ಸುಮಾರು ನೂರೈವತ್ತು ಯೂರೋ ಕೈಬಿಟ್ಟಿತು. ಗ್ರೀಕರ ದೇವರಾಜ ಜೀಯಸ್‌ನ ವಂಶಾವಳಿ ಮುಗಿಯುವ ಮೊದಲೇ ಮಕ್ಕಳು ಪೈನ್ ಕಾಯಿ ಆಯತೊಡಗಿದ್ದರು.

ಈಗಿನ ಕ್ರಮ ಹೀಗೆ. ಬೆಳಿಗ್ಗೆ ಎಂಟಕ್ಕೆ ಗೇಟು ತೆಗೆಯುತ್ತಲೇ ಸೀದಾ ಓಟದ ಮೈದಾನಕ್ಕೆ. ದಾರಿಯಲ್ಲಿ ನಿಲ್ಲುವುದು ಒಂದೇ ಕಡೆ: ಕಮಾನಿನ ದಾರಿಗೆ ಮುಂಚೆ ಎಡಗಡೆ ಸಾಲಾಗಿರುವ ಕಲ್ಲಿನ ಪೀಠಗಳ ಹತ್ತಿರ. ಆಟದಲ್ಲಿ ಮೋಸ ಮಾಡಿ ಸಿಕ್ಕಿಬಿದ್ದವರ ದಂಡದ ಹಣದಲ್ಲಿ ಜೀಯಸ್‌ನ ಕಂಚಿನ ಮೂರ್ತಿ ಮಾಡಿಸಿ ಇವುಗಳ ಮೇಲೆ ನಿಲ್ಲಿಸುತ್ತಿದ್ದರು. ಶುರುವಾದದ್ದು ಕ್ರಿ.ಪೂ. 388ರಲ್ಲಿ, ಎದುರಾಳಿಗಳಿಗೆ ಲಂಚ ಕೊಟ್ಟ ಯೂಪೋಲಸ್ ಎಂಬ ಮುಷ್ಟಿಪಟುವಿನಿಂದ. ಪೀಠ ಎಣಿಸಲು ಹೇಳಿ, ಎಷ್ಟೆಂದು ನೀವು ಹೇಳಬೇಡಿ. ಕಳ್ಳರ ಲೆಕ್ಕ ಅಂದರೆ ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ.

ಮೈದಾನದಲ್ಲಿ ಪ್ರೇಕ್ಷಕರಿಗೆ ಕಲ್ಲಿನ ಆಸನ ಇಲ್ಲ, ಬರೀ ಮಣ್ಣಿನ ದಿಬ್ಬ. ನೋಡಬೇಕಾದದ್ದು ಓಟ ಶುರುವಾಗುವ ಕಲ್ಲುಪಟ್ಟಿ. ಅದರ ಉದ್ದಕ್ಕೂ ಒಂದರ ಹಿಂದೊಂದು ಎರಡು ಗೆರೆ ಕೊರೆದಿದೆ. ನಡುವಿನ ಅಂತರ ಗೇಣಿಗಿಂತ ಕಡಿಮೆ. ಮುಂದಿನದಕ್ಕೆ ಒಂದು ಕಾಲಿನ ಬೆರಳು, ಹಿಂದಿನದಕ್ಕೆ ಇನ್ನೊಂದರದು, ಕೈ ಮುಂದೆ ಚಾಚಿ ನಿಲ್ಲಬೇಕು. ಈಗಿನವರ ಹಾಗೆ ಕೂತು ಹೊರಡುವುದಲ್ಲ. ಆ ತುದಿಯ ಗೆರೆಗೆ ಸುಮಾರು 192 ಮೀಟರ್, ಅವರ ಲೆಕ್ಕದಲ್ಲಿ 600 ಅಡಿ. ಅಂದರೆ ಅವರ ಒಂದಡಿ 32 ಸೆಂ.ಮೀ. ಅಷ್ಟುದ್ದದ ದಾರ ಮನೆಯಲ್ಲೇ ಕತ್ತರಿಸಿ ತನ್ನಿ, ಮಕ್ಕಳು ತಮ್ಮ ಪಾದ ಅದಕ್ಕೆ ಹೊಂದಿಸಿ ನೋಡಲಿ. ಏಳರ ಮಗುವನ್ನು ಪೂರ್ತಿ ಓಡಿಸಬೇಡಿ. ಅರ್ಧಕ್ಕೇ ಉಸಿರುಕಟ್ಟಿ ಕೂತರೆ ಆ ದಿನ ಅಲ್ಲಿಗೇ ಮುಗಿಯಿತು. ಚಿಕ್ಕವರು ನಡುವಿನಿಂದ ಹೊರಡಲಿ, ದೊಡ್ಡವರು ಗೆರೆಯಿಂದ. ಶೂ ಕಡ್ಡಾಯ, ಚಪ್ಪಲಿ ಸಣ್ಣ ಜಲ್ಲಿಯ ಮೇಲೆ ಜಾರುತ್ತದೆ. ಇಬ್ಬರೂ ಒಟ್ಟಿಗೇ ಮುಟ್ಟುವಂತೆ ಮಾಡುವ ಉಪಾಯ ಒಂದಿದೆ, ಅದನ್ನು ಬರೆಯುವುದಿಲ್ಲ. ನಮ್ಮ ಮಕ್ಕಳಿಗೂ ಓದಲು ಬರುತ್ತದೆ.

ಮಧ್ಯೆ ಒಂದು ಪ್ರಯೋಗ. ಆ ಕಾಲದವರು ಉದ್ದಜಿಗಿತಕ್ಕೆ ಎರಡೂ ಕೈಯಲ್ಲಿ ಕಲ್ಲಿನ ತೂಕ ಹಿಡಿಯುತ್ತಿದ್ದರು. ಅರ್ಧ ಲೀಟರಿನ ನೀರಿನ ಬಾಟಲಿ ಎರಡು ಸಾಕು. ನಿಂತಲ್ಲಿಂದ ಜಿಗಿಯುವಾಗ ತೋಳು ಬೀಸುವುದೂ ಕಾಲು ಎತ್ತುವುದೂ ಒಂದೇ ಕ್ಷಣಕ್ಕೆ ಕೂಡಿದರೆ ನಾಲ್ಕು ಬೆರಳಷ್ಟು ಲಾಭ, ತಪ್ಪಿದರೆ ಒಂದಡಿ ನಷ್ಟ. ಲೀಟರಿನ ಬಾಟಲಿ ಕೊಟ್ಟು ನೋಡಿದೆ, ಮುಗ್ಗರಿಸಿದರು.

ಜೀಯಸ್ ದೇವಸ್ಥಾನ ಆಮೇಲೆ. ಭೂಕಂಪಕ್ಕೆ ಉರುಳಿದ ಕಂಬಗಳು ಬಾಳೆದಿಂಡು ಕೊಯ್ದಿಟ್ಟ ಹಾಗೆ ಬಿಲ್ಲೆಬಿಲ್ಲೆಯಾಗಿ ಬಿದ್ದಿವೆ. ಕೆಲವು ಮಗುವಿಗಿಂತ ಎತ್ತರ. ಹತ್ತಲು ಹೋದರೆ ಕಾವಲಿನವರು ಸೀಟಿ ಊದುತ್ತಾರೆ, ಮೊದಲೇ ಹೇಳಿಟ್ಟಿರಿ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಇದು ಅಮೃತಶಿಲೆಯಲ್ಲ, ಚಿಪ್ಪು ತುಂಬಿದ ಸುಣ್ಣಕಲ್ಲು. ಬೆರಳುಗುರಿನಷ್ಟು ಕಪ್ಪೆಚಿಪ್ಪಿನ ಅಂಚು ಬರಿಗಣ್ಣಿಗೇ ಕಾಣುತ್ತದೆ. ಮೇಲೆ ಬಿಳಿ ಗಾರೆ ಬಳಿದು ಅಮೃತಶಿಲೆಯಂತೆ ತೋರಿಸಿದ್ದರು. ಕಪ್ಪೆಚಿಪ್ಪು ಹುಡುಕುವುದಕ್ಕೇ ಇಪ್ಪತ್ತು ನಿಮಿಷ ಹೋಯಿತು, ನಾನು ತುಟಿ ಬಿಚ್ಚಬೇಕಾಗಲಿಲ್ಲ.

ಹತ್ತೂವರೆಗೆ ಮ್ಯೂಸಿಯಂ, ಅರ್ಧ ಗಂಟೆ, ನಾಲ್ಕೇ ವಸ್ತು. ಮ್ಯಾರಥಾನ್ ಯುದ್ಧ ಗೆದ್ದ ಸೇನಾಪತಿ ಮಿಲ್ಟಿಯಾಡಿಸ್‌ನ ಶಿರಸ್ತ್ರಾಣ, ಇಲ್ಲಿನ ಜೀಯಸ್ ಮೂರ್ತಿ ಕೆತ್ತಿದ ಶಿಲ್ಪಿ ಫಿಡಿಯಾಸ್‌ನ ಹೆಸರು ಗೀಚಿದ ಬಟ್ಟಲು, ಜಿಗಿತದ ತೂಕಗಳು (ಬಾಟಲಿ ಹಿಡಿದ ಕೈಗೆ ಅವು ತಟ್ಟನೆ ಅರ್ಥವಾಗುತ್ತವೆ), ಮತ್ತೆ ಬೈಬೋನ್ ಎಂಬವನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿದನೆಂದು ಕೊರೆದಿರುವ ಕಲ್ಲು. ತೂಕ 143 ಕಿಲೋ. ನಂಬಬೇಕೋ ಬೇಡವೋ ಎಂಬ ಜಗಳ ಊಟದ ತನಕ ನಡೆಯಿತು.

ಖರ್ಚು: ದೊಡ್ಡವರಿಗೆ ಇಪ್ಪತ್ತು ಯೂರೋ ಆಸುಪಾಸು, ಅದರಲ್ಲೇ ಮ್ಯೂಸಿಯಂ ಸೇರಿದೆ. ಯುರೋಪಿಯನ್ ಒಕ್ಕೂಟದ ಪ್ರಜೆಗಳಿಗೆ 25 ವರ್ಷದವರೆಗೆ ಉಚಿತ. ನಮ್ಮ ಪಾಸ್‌ಪೋರ್ಟಿನ ಮಕ್ಕಳಿಗೆ ಐದು ದಾಟಿದರೆ ಟಿಕೆಟ್ ಬೇಕು. ಪಾಸ್‌ಪೋರ್ಟ್ ಕಾರಿನಲ್ಲೇ ಬಿಟ್ಟು ಬಂದರೆ ಬಿಸಿಲಲ್ಲಿ ಎರಡು ಸಲ ನಡೆಯಬೇಕಾಗುತ್ತದೆ. ಕಾರಿಗೆ ಮಧ್ಯಾಹ್ನದವರೆಗೂ ನೆರಳಿರುವ ಜಾಗ ಒಂದು ಗೊತ್ತು. ಬರೆದರೆ ಮುಂದಿನ ಸಲ ನನಗೇ ಸಿಗುವುದಿಲ್ಲ.